ಬೈಬಲಿನ ಪಕ್ಕದಲ್ಲೊಂದು ಮಾಯಾದಂಡ

ಸುಟ್ಟವರುಂಟು, ಕತ್ತರಿ ಹಿಡಿದು ತುಂಡರಿಸಿದವರುಂಟು, ಮಕ್ಕಳಿಗೆ ಬೇಡವೆನ್ನುವುದಕ್ಕೆಂದೇ ಓದಲು ಕುಳಿತು ತಾವೇ ಮನಸೋತವರೂ ಉಂಟು. ಮಾಟಗಾರ ಬಾಲಕನ ಕಥೆಯನ್ನು ಮಗುವಿನ ಕೈಗೆ ಕೊಡಬಹುದೆ ಎಂದು ಕ್ರೈಸ್ತ ಮನೆಗಳು ಕಾಲು ಶತಮಾನದಿಂದ ಕೇಳಿಕೊಳ್ಳುತ್ತಿವೆ. ಕ್ರಿಸ್ಮಸ್ ಉಡುಗೊರೆಯ ಕಾಲ ಬಂತೆಂದರೆ ಪ್ರಶ್ನೆಗೆ ಮತ್ತೆ ಜೀವ!

2001ನೆಯ ಇಸವಿ ಡಿಸೆಂಬರ್ 30, ಭಾನುವಾರ. ಕ್ರಿಸ್ಮಸ್ ಕಳೆದು ಇನ್ನೂ ವಾರ ತುಂಬಿರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನದ ಆಲಮಗೋರ್ಡೊ ಎಂಬ ಊರಿನಲ್ಲಿ, ಕ್ರೈಸ್ಟ್ ಕಮ್ಯೂನಿಟಿ ಚರ್ಚಿನ ಹೊರಗೆ ಬೆಂಕಿಯೊಂದು ಎದ್ದಿತು. ಅದರ ಸುತ್ತ ನೆರೆದ ಭಕ್ತಜನರು ಮುಂದೆ ಬಂದು, ದುಂಡು ಕನ್ನಡಕದ, ಹಣೆಯ ಮೇಲೆ ಮಿಂಚಿನಾಕಾರದ ಗಾಯವುಳ್ಳ ಬಾಲಕನೊಬ್ಬನ ಕಥೆಯ ದಪ್ಪ ಪುಸ್ತಕಗಳನ್ನು ಅದರೊಳಕ್ಕೆ ಎಸೆದರು.

ರಸ್ತೆಯ ಆಚೆ ಬದಿಯಲ್ಲಿ, ಪುಸ್ತಕಗಳನ್ನು ಸುಡಬೇಡಿರೆಂದು ಕೂಗುತ್ತ, ಇನ್ನೊಂದು ಗುಂಪು ನಿಂತಿತ್ತು.

ಈ ದಹನಕ್ಕೆ ಪೀಠಿಕೆ ಕ್ರಿಸ್ಮಸ್ಸಿನ ಮುನ್ನಾದಿನದ ಪ್ರಸಂಗದಲ್ಲೇ ಆಗಿತ್ತು. ನಿಮಗೆ ಶಿಶು ಯೇಸು ಬೇಕೋ, ಹ್ಯಾರಿ ಪಾಟರ್ ಬೇಕೋ ಎಂಬುದೇ ಅಂದು ಪಾದ್ರಿ ಜ್ಯಾಕ್ ಬ್ರಾಕ್ ತಮ್ಮ ಸಭೆಯ ಮುಂದಿಟ್ಟ ಪ್ರಶ್ನೆ. ಆ ಪುಸ್ತಕಗಳಲ್ಲಿ ಒಂದನ್ನೂ ತಾವು ಓದಿಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ. ಷೇಕ್ಸ್‌ಪಿಯರನ ಸಂಪುಟವೂ ಆ ಬೆಂಕಿಗೆ ಬಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಮ್ಯಾಕ್‌ಬೆತ್ ನಾಟಕದ ಮೂವರು ಮಾಟಗಾತಿಯರನ್ನು ನೆನೆದುಕೊಂಡರೆ, ಆ ಕಾರ್ಯದಲ್ಲಿ ತರ್ಕಶುದ್ಧಿಯಾದರೂ ಇತ್ತೆಂದು ಒಪ್ಪಬೇಕಾಗುತ್ತದೆ. ಊರಿನ ಸಾರ್ವಜನಿಕ ಪುಸ್ತಕಾಲಯವು ಮಾತಿನ ಜಗಳಕ್ಕೆ ಹೋಗದೆ, ಹ್ಯಾರಿ ಪಾಟರ್ ಪುಸ್ತಕಗಳನ್ನೇ ಎದ್ದು ಕಾಣುವಂತೆ ಜೋಡಿಸಿಟ್ಟು ತನ್ನ ಉತ್ತರವನ್ನು ಹೇಳಿತು.

 

ಅದೇ ವರ್ಷದ ನವೆಂಬರಿನಲ್ಲಿ, ದೇಶದ ಇನ್ನೊಂದು ತುದಿಯಾದ ಮೇನ್ ಸಂಸ್ಥಾನದ ಲೂಯಿಸ್ಟನ್ನಿನಲ್ಲಿ, ಧರ್ಮಬೋಧಕರೊಬ್ಬರಿಗೆ ಇಂಥದೇ ಸಂಕಲ್ಪವುಂಟಾಯಿತು. ಆದರೆ ಅಗ್ನಿಶಾಮಕ ಇಲಾಖೆ ಬೆಂಕಿ ಹಚ್ಚಲು ಪರವಾನಗಿ ಕೊಡಲಿಲ್ಲ. ಅವರು ಧೃತಿಗೆಡದೆ ಕತ್ತರಿ ತರಿಸಿಕೊಂಡು, ಪುಸ್ತಕವನ್ನು ಜನರೆದುರು ಚೂರು ಚೂರಾಗಿ ಕತ್ತರಿಸಿದರು. ಎರಡು ತಿಂಗಳ ತರುವಾಯ ಪೆನ್ಸಿಲ್ವೇನಿಯದ ಪೆನ್ರಿನ್ ಎಂಬ ಹಳ್ಳಿಯಲ್ಲಿ, ವಾಹನಸಂಚಾರವನ್ನು ನಿಯಂತ್ರಿಸುವ ಅಗ್ನಿದಳದ ಸ್ವಯಂಸೇವಕರು, ವೈ.ಎಂ.ಸಿ.ಎ. ಸಂಸ್ಥೆ ಮಕ್ಕಳಿಗೆ ಹ್ಯಾರಿ ಪಾಟರ್ ಓದಿ ಹೇಳುತ್ತದೆಂಬ ಕಾರಣಕ್ಕೆ, ಆ ಸಂಸ್ಥೆಯ ಟ್ರಯಥ್ಲಾನ್ ಸ್ಪರ್ಧೆಗೆ ತಾವು ರಸ್ತೆ ಕಾಯುವುದಿಲ್ಲವೆಂದು ಒಮ್ಮತದಿಂದ ನಿರ್ಣಯಿಸಿದರು.

ಇವೆಲ್ಲ ವಾರ್ತಾಪತ್ರಿಕೆಗಳಿಗೆ ರುಚಿಸುವ ಸಂಗತಿಗಳು. ಛಾಯಾಚಿತ್ರ ಚೆನ್ನಾಗಿ ಬರುತ್ತದೆ. ನಗುವವರಿಗೆ ನಗು, ಕನಲುವವರಿಗೆ ಕನಲಿಕೆ. ಆದರೆ ನಿಜವಾದ ತೀರ್ಮಾನಗಳು ನಡೆದದ್ದು ಬೆಂಕಿಯ ಬಳಿಯಲ್ಲಲ್ಲ. ಬಂಧುಗಳಾರೋ ಬಣ್ಣದ ಕಾಗದ ಸುತ್ತಿ ಕಳುಹಿಸಿದ ಪುಸ್ತಕವೊಂದನ್ನು, ಮಗು ಬಿಚ್ಚುವುದಕ್ಕೆ ಮುಂಚೆ ತಾನು ಬಿಚ್ಚಿ ನೋಡಿ, ಇದನ್ನು ಕೊಡಲೋ ಬಚ್ಚಿಡಲೋ ಎಂದು ತೋಚದೆ ನಿಂತ ತಾಯಂದಿರ ಅಡಿಗೆಮನೆಗಳಲ್ಲಿ ಅವು ನಡೆದವು.

ಒಂದೇ ಚಳಿಗಾಲ, ಎರಡು ಮಾಂತ್ರಿಕರು

ಜೆ. ಕೆ. ರೌಲಿಂಗ್ ಬರೆದ ಮೊದಲ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದದ್ದು 1997ರ ಜೂನ್ 26ರಂದು. ಅದು ಅಮೆರಿಕವನ್ನು ಮುಟ್ಟಿದ್ದು ಮರುವರ್ಷ. 1999ರಿಂದ 2002ರವರೆಗೆ ನಾಲ್ಕು ವರ್ಷವೂ, ಶಾಲೆ ಮತ್ತು ಪುಸ್ತಕಾಲಯಗಳಿಂದ ತೆಗೆದುಹಾಕಬೇಕೆಂದು ಅತಿ ಹೆಚ್ಚಾಗಿ ದೂರು ಬಂದ ಗ್ರಂಥಗಳ ಪಟ್ಟಿಯಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ಈ ಮಾಲೆಗೆ ಪ್ರಥಮಸ್ಥಾನವನ್ನು ಕೊಟ್ಟಿತು. 2000ದಿಂದ 2009ರವರೆಗಿನ ದಶಕದ ಪಟ್ಟಿಯ ತಲೆಯಲ್ಲೂ ಇದೇ.

2001ರ ಚಳಿಗಾಲದಲ್ಲಿ ಬೆಂಕಿ ಎದ್ದದ್ದಕ್ಕೆ ಕಾರಣವೂ ಉಂಟು. ನವೆಂಬರ್ 16ರಂದು ಹ್ಯಾರಿ ಪಾಟರನ ಮೊದಲ ಚಲನಚಿತ್ರ ತೆರೆಗೆ ಬಂದಿತ್ತು. ಡಿಸೆಂಬರ್ 19ರಂದು ಟೋಲ್ಕಿನ್ನನ ಉಂಗುರದ ಕಥೆಯ ಮೊದಲ ಚಿತ್ರವೂ ಬಂದಿತು. ಎರಡರಲ್ಲಿಯೂ ಉದ್ದಗಡ್ಡದ ಮಾಂತ್ರಿಕರು. ಎರಡರಲ್ಲಿಯೂ ಮಂತ್ರದಂಡ, ಮಾಯೆ, ರಾಕ್ಷಸರು. ಹೀಗಿದ್ದೂ ಬಹು ಮನೆಗಳಲ್ಲಿ ಟೋಲ್ಕಿನ್ನನಿಗೆ ಪ್ರವೇಶ, ಪಾಟರನಿಗೆ ನಿಷೇಧ. ಹೊರಗಿನವರಿಗೆ ಇದೊಂದು ಹಾಸ್ಯಾಸ್ಪದ ವೈರುಧ್ಯ. ಒಳಗಿನವರಿಗೆ ಮಾತ್ರ ಈ ಭೇದದ ಹಿಂದೆ ದೊಡ್ಡದೊಂದು ಮೀಮಾಂಸೆಯೇ ಇತ್ತು. ಅದಕ್ಕೆ ಮುಂದೆ ಬರುತ್ತೇನೆ.

■ ಹಾಸ್ಯವೇ ಸಾಕ್ಷಿಯಾದಾಗ
2000ದ ಜುಲೈಯಲ್ಲಿ ‘ದಿ ಆನಿಯನ್’ ಎಂಬ ಅಮೆರಿಕದ ವಿಡಂಬನ ಪತ್ರಿಕೆ, ಹ್ಯಾರಿ ಪಾಟರ್ ಓದಿದ ಮಕ್ಕಳು ಸೈತಾನನ ಉಪಾಸನೆಗೆ ತೊಡಗಿದ್ದಾರೆಂಬ ಕಪೋಲಕಲ್ಪಿತ ‘ವರದಿ’ಯನ್ನು ಅಚ್ಚುಹಾಕಿತು. ಅದರಲ್ಲಿ ಮಾತನಾಡಿದ ಮಕ್ಕಳೆಲ್ಲರೂ ಸಂಪಾದಕರ ಮಾನಸಪುತ್ರರು. ಹಾಸ್ಯದ ಸುಳಿವು ಹತ್ತದ ಅನೇಕರು ಅದನ್ನು ನಿಜವೆಂದೇ ನಂಬಿ, ಒಬ್ಬರಿಂದೊಬ್ಬರಿಗೆ ಇ-ಮೇಲಿನಲ್ಲಿ ದಾಟಿಸಿದರು. ವರ್ಷಗಟ್ಟಲೆ ಅದು ಪ್ರಾರ್ಥನಾಕೂಟಗಳಲ್ಲಿ ‘ಪುರಾವೆ’ಯಾಗಿ ಸುತ್ತಾಡಿತು.

‘ಬಾಗಿಲು’ ಎಂಬ ಭಯ

ವಿಕ್ರಮನ ಬೆನ್ನೇರಿದ ಬೇತಾಳನನ್ನು ಚಂದಮಾಮದ ಪುಟಗಳಲ್ಲಿ ತಿಂಗಳು ತಿಂಗಳೂ ಕಾದು ಓದಿ ಬೆಳೆದ ನಮಗೆ ಈ ವ್ಯಾಜ್ಯವೇ ವಿಚಿತ್ರವಾಗಿ ತೋರಬಹುದು. ಆದರೆ ಅದೇ ನಮ್ಮ ಮನೆಗಳಲ್ಲಿ, ಕಥೆಯ ಬೇತಾಳನಿಗೆ ನಕ್ಕ ಅಜ್ಜಿಯೇ, ಹಿತ್ತಲಿನಲ್ಲಿ ಕುಂಕುಮ ಬಳಿದ ನಿಂಬೆಹಣ್ಣು ಬಿದ್ದಿದ್ದರೆ ಮಕ್ಕಳನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ಮಾಟವು ಕಥೆಯೊಳಗಿನದು, ಮಾಟವು ನಿಜವಾದದ್ದು ಎಂಬ ಎರಡರ ನಡುವೆ ಅವಳ ಮನಸ್ಸಿನಲ್ಲಿ ಒಂದು ಗೆರೆಯಿತ್ತು. ಅಮೆರಿಕದ ಈ ಕ್ರೈಸ್ತ ಕುಟುಂಬಗಳಿಗೆ ಬಂದ ಸಂಶಯವೆಂದರೆ, ಆ ಗೆರೆ ಮಕ್ಕಳಿಗೆ ಕಾಣುತ್ತದೆಯೆ ಎಂಬುದು.

ಅವರ ಪಕ್ಷಕ್ಕೆ ಶಾಸ್ತ್ರಾಧಾರ ಬಲವಾಗಿದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದಲ್ಲಿ ಕಣಿ, ಶಕುನ, ಮಾಟ, ಸತ್ತವರನ್ನು ವಿಚಾರಿಸುವುದು ಇವೆಲ್ಲವೂ ಒಂದೇ ಉಸಿರಿಗೆ ನಿಷಿದ್ಧವಾಗಿವೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಮಾಟವನ್ನು ವಿಗ್ರಹಾರಾಧನೆಯ ಮಗ್ಗುಲಲ್ಲೇ ಕೂರಿಸುತ್ತಾನೆ. ಅರಸನಾದ ಸೌಲನು ಏಂದೋರಿನ ಮಾಟಗಾತಿಯ ಮನೆಗೆ ಮಾರುವೇಷದಲ್ಲಿ ಹೋದದ್ದು ಅವನ ಪತನದ ಹಿಂದಿನ ರಾತ್ರಿಯ ಕಥೆ.

ಪುಸ್ತಕ ಸುಡುವವರು ಎತ್ತಿ ಹೇಳುತ್ತಿದ್ದ ದೃಷ್ಟಾಂತ ಮಾತ್ರ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದ್ದು. ಎಫೆಸ ಪಟ್ಟಣದಲ್ಲಿ ಮಾಟ ನಡೆಸುತ್ತಿದ್ದ ಅನೇಕರು ತಮ್ಮ ಗ್ರಂಥಗಳನ್ನು ತಂದು ಎಲ್ಲರೆದುರಿಗೆ ಸುಟ್ಟರೆಂದೂ, ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯಗಳಾಯಿತೆಂದೂ ಅಲ್ಲಿ ಹೇಳಿದೆ. ಒಂದು ನಾಣ್ಯವೆಂದರೆ ಕೂಲಿಯವನ ಒಂದು ದಿನದ ದುಡಿಮೆ. ಆದರೆ ಈ ದೃಷ್ಟಾಂತವನ್ನು ನಿಧಾನವಾಗಿ ಓದಿದವನಿಗೆ ಎರಡು ವಿಷಯ ಕಣ್ಣಿಗೆ ಬೀಳದಿರವು: ಎಫೆಸದವರು ಸುಟ್ಟದ್ದು ಕಥೆಗಳನ್ನಲ್ಲ, ಪ್ರಯೋಗದ ಕೈಪಿಡಿಗಳನ್ನು; ಸುಟ್ಟವರು ಅವನ್ನು ಸಾದ್ಯಂತವಾಗಿ ಓದಿದ್ದವರು.

ಈ ಕುಟುಂಬಗಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತು ‘ಬಾಗಿಲು’. ಪುಸ್ತಕವೇ ಪಾಪವಲ್ಲ, ಅದೊಂದು ಬಾಗಿಲು. ಇಂದು ಕಥೆಯ ಮಂತ್ರ, ನಾಳೆ ಹಲಗೆಯ ಮೇಲೆ ಪ್ರೇತವನ್ನು ಕರೆಯುವ ಆಟ, ನಾಡಿದ್ದು ಇನ್ನೇನೋ. 1980ರ ದಶಕದಲ್ಲಿ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಆಟದ ಸುತ್ತ ಎದ್ದ ಸೈತಾನಭೀತಿಯನ್ನು ಕಣ್ಣಾರೆ ಕಂಡ ತಲೆಮಾರು ಅದು. ತಮ್ಮ ಬಾಲ್ಯದಲ್ಲಿ ಕಲಿತ ಭಯವನ್ನು ಹದಿನೈದು ವರ್ಷಗಳ ನಂತರ, ತಾವೇ ತಂದೆತಾಯಿಗಳಾಗಿ, ಹೊಸ ಪುಸ್ತಕದ ಮೇಲೆ ಹೊದಿಸಿದರು.

ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಬಹು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಅದೃಶ್ಯವಾದ ದುಷ್ಟಶಕ್ತಿಯೊಂದು ವಾಸ್ತವವಾಗಿ ಉಂಟೆಂದು ನಂಬಿದವನು, ಅದರ ಹೆಸರನ್ನು ಆಟಿಕೆಯ ಮೇಲೆ ಅಚ್ಚುಹಾಕಿ ತನ್ನ ಮಗಳ ಕೈಗೆ ಕೊಟ್ಟಾಗ ಸುಮ್ಮನಿದ್ದರೆ, ಅವನ ನಂಬಿಕೆಯನ್ನೇ ಸಂದೇಹಿಸಬೇಕಾದೀತು.

‘ಬರಿಯ ಕಥೆ’ ಎಂಬ ಬಡ ವಾದ

ಪುಸ್ತಕದ ಪರವಾಗಿ ನಿಂತ ಗ್ರಂಥಪಾಲಕರೂ ಉಪಾಧ್ಯಾಯರೂ ಪ್ರಕಾಶಕರೂ ಇದಕ್ಕೆ ಕೊಟ್ಟ ಉತ್ತರ ಒಂದೇ: ಅಯ್ಯಾ, ಇದು ಬರಿಯ ಕಥೆ! ಮಕ್ಕಳಿಗೆ ಕಥೆ ಯಾವುದು, ಬದುಕು ಯಾವುದೆಂದು ತಿಳಿಯದೆ?

ಇಡೀ ವ್ಯಾಜ್ಯದಲ್ಲಿ ಅತಿ ದುರ್ಬಲವಾದ ವಾದ ಇದೇ ಎಂದು ನನ್ನ ಅಭಿಪ್ರಾಯ. ಕಥೆಗೆ ಕೆಡಿಸುವ ಶಕ್ತಿಯಿಲ್ಲವೆಂದವನು, ಅದಕ್ಕೆ ಬೆಳೆಸುವ ಶಕ್ತಿಯೂ ಇಲ್ಲವೆಂದು ಒಪ್ಪಿದಂತಾಯಿತು. ಅದ್ಭುತಕಥೆಗಳನ್ನು ಬರೆದ ಮಹನೀಯರಲ್ಲಿ ಯಾರನ್ನು ಕೇಳಿದ್ದರೂ ಅವರು ಈ ವಾದವನ್ನು ಒಪ್ಪುತ್ತಿರಲಿಲ್ಲ. ಕಥೆಯು ಆತ್ಮದ ಮೇಲೆ ಕೆಲಸ ಮಾಡುತ್ತದೆಂಬ ಮಾತಿನಲ್ಲಿ ಅವರು ನಿಲ್ಲುತ್ತಿದ್ದದ್ದು ಪುಸ್ತಕ ಸುಡುವವರ ಕಡೆಗೇ. ಇನ್ನೂ ಸ್ವಾರಸ್ಯವೆಂದರೆ ಈ ಮಹನೀಯರಲ್ಲಿ ಹಲವರು ದೃಢನಿಷ್ಠೆಯ ಕ್ರೈಸ್ತರು.

ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ ಚರ್ಚಿನ ಪೀಠದಿಂದ ಪ್ರಸಂಗ ಮಾಡುತ್ತಿದ್ದ ಬೋಧಕ. ಆತ 1858ರಲ್ಲಿ ಬರೆದ ‘ಫ್ಯಾಂಟಾಸ್ಟೀಸ್’ ಎಂಬ ಯಕ್ಷಲೋಕದ ಕಥೆಯ ಪ್ರತಿಯೊಂದನ್ನು, 1916ರಲ್ಲಿ, ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಹದಿನೇಳು ವರ್ಷದ ನಾಸ್ತಿಕ ಹುಡುಗನೊಬ್ಬ ಕೊಂಡುಕೊಂಡ. ಅಂದು ರಾತ್ರಿ ತನ್ನ ಕಲ್ಪನೆಗೆ ದೀಕ್ಷಾಸ್ನಾನವಾಯಿತೆಂದೂ, ಉಳಿದ ತನಗೆ ಅದು ಆಗಲು ಇನ್ನೂ ಬಹುಕಾಲ ಹಿಡಿಯಿತೆಂದೂ ಆತ ತರುವಾಯ ಬರೆದುಕೊಂಡ. ಹುಡುಗನ ಹೆಸರು ಸಿ. ಎಸ್. ಲೂಯಿಸ್.

ಆ ಉಳಿದದ್ದು ನಡೆದದ್ದು ಆಕ್ಸ್‌ಫರ್ಡಿನಲ್ಲಿ. 1931ರ ಸೆಪ್ಟೆಂಬರಿನ ಒಂದು ರಾತ್ರಿ, ಮ್ಯಾಗ್ಡಲೆನ್ ಕಾಲೇಜಿನ ಆಡಿಸನ್ ಹಾದಿಯಲ್ಲಿ, ಮರಗಳ ಕೆಳಗೆ, ಲೂಯಿಸ್, ಟೋಲ್ಕಿನ್, ಅವರ ಗೆಳೆಯ ಹ್ಯೂಗೊ ಡೈಸನ್ ಮೂವರೂ ಬಹುಹೊತ್ತು ತಿರುಗಾಡುತ್ತ ಮಾತನಾಡಿದರು. ಚರ್ಚೆಯ ವಿಷಯ ಪುರಾಣಕಥೆಗಳು ಸುಳ್ಳೋ ನಿಜವೋ ಎಂಬುದು. ದೇವತೆಯೊಬ್ಬನು ಸತ್ತು ಮರಳಿ ಬದುಕುವ ಕಥೆ ಬೇರೆ ಪುರಾಣಗಳಲ್ಲಿ ಬಂದಾಗ ಮನ ಕರಗುವ ನಿನಗೆ, ಸುವಾರ್ತೆಗಳಲ್ಲಿ ಅದೇ ಬಂದಾಗ ಏತಕ್ಕೆ ಬಿಗುಮಾನ ಎಂದು ಕ್ಯಾಥೊಲಿಕನಾದ ಟೋಲ್ಕಿನ್ ಕೇಳಿದ. ಇದೂ ಪುರಾಣವೇ, ಆದರೆ ನಡೆದ ಪುರಾಣ ಎಂಬುದು ಅವನ ಸಿದ್ಧಾಂತ. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಲೂಯಿಸ್ ತಾನು ಕ್ರೈಸ್ತನೆಂದು ಹೇಳಿಕೊಂಡ. ಒಬ್ಬನ ಧರ್ಮಾಂತರಕ್ಕೆ ಯಕ್ಷಕಥೆ ಪೀಠಿಕೆಯಾದ ದೃಷ್ಟಾಂತ ಇದಕ್ಕಿಂತ ಸ್ಪಷ್ಟವಾದದ್ದು ಸಿಕ್ಕುವುದು ಕಷ್ಟ.

ನಮ್ಮ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಲೌಕಿಕವನ್ನೂ ‘ಆದಿಪುರಾಣ’ದಲ್ಲಿ ಜಿನಾಗಮವನ್ನೂ ಬೆಳಗಿ, ಎರಡು ದೀಪಗಳನ್ನು ಬೇರೆ ಬೇರೆ ಗೂಡಿನಲ್ಲಿಟ್ಟ. ಲೂಯಿಸ್ ಹಾಗೆ ಮಾಡಲಿಲ್ಲ. ಮತತತ್ತ್ವವನ್ನು ನೇರವಾಗಿ ಹೇಳುವ ಗ್ರಂಥಗಳನ್ನೂ ಬರೆದನಾದರೂ, 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಹೊರಬಂದ ಏಳು ‘ನಾರ್ನಿಯ’ ಕಥೆಗಳಲ್ಲಿ ಆಗಮವನ್ನೇ ಲೌಕಿಕದ ಪಾತ್ರೆಗೆ ಹೊಯ್ದ. ಬಟ್ಟೆಬರೆಯ ಬೀರುವಿನ ಹಿಂಬದಿಯಿಂದ ಹಿಮದ ನಾಡಿಗೆ ಹೊಕ್ಕ ಮಕ್ಕಳು, ದ್ರೋಹಿಯಾದ ಬಾಲಕನ ಬದಲು ತಾನು ಪ್ರಾಣ ಕೊಟ್ಟು ಮತ್ತೆ ಎದ್ದುಬರುವ ಸಿಂಹವನ್ನು ಅಲ್ಲಿ ಕಾಣುತ್ತಾರೆ. ಸಿಂಹ ಯಾರೆಂದು ಭಾನುವಾರದ ಶಾಲೆಗೆ ಹೋಗುವ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ರೈಸ್ತ ಲೇಖಕರೆಂದ ಮಾತ್ರಕ್ಕೆ ಎಲ್ಲರಿಗೂ ರಿಯಾಯಿತಿ ದೊರೆಯಿತೆಂದಲ್ಲ. ಮ್ಯಾಡಲಿನ್ ಲೆಂಗಲ್ ಎಂಬಾಕೆ ನ್ಯೂಯಾರ್ಕಿನ ಸೇಂಟ್ ಜಾನ್ ಮಹಾದೇವಾಲಯದಲ್ಲಿ ಪುಸ್ತಕಾಲಯ ನೋಡಿಕೊಳ್ಳುತ್ತಿದ್ದ ಭಕ್ತೆ. 1962ರಲ್ಲಿ ಪ್ರಕಟವಾಗಿ ಮರುವರ್ಷ ನ್ಯೂಬೆರಿ ಪದಕ ಪಡೆದ ಆಕೆಯ ‘ಎ ರಿಂಕಲ್ ಇನ್ ಟೈಮ್’ ಕಥೆಯಲ್ಲಿ, ಮಾಟಗಾತಿಯರಂತೆ ಕಾಣುವ ಮೂವರು ವೃದ್ಧೆಯರಿದ್ದಾರೆ. ಕತ್ತಲೆಯೊಡನೆ ಹೋರಾಡಿದವರ ಸಾಲಿನಲ್ಲಿ ಯೇಸುವಿನ ಹೆಸರಿನೊಡನೆ ಬುದ್ಧನ, ಕಲಾವಿದರ, ವಿಜ್ಞಾನಿಗಳ ಹೆಸರುಗಳೂ ಬರುತ್ತವೆ. ಇವೆರಡೂ ಅಪರಾಧಗಳಾದವು. 1990ರ ದಶಕದಲ್ಲಿ ಅತಿಹೆಚ್ಚು ಆಕ್ಷೇಪಣೆಗೆ ಗುರಿಯಾದ ನೂರು ಪುಸ್ತಕಗಳಲ್ಲಿ ಅದೂ ಒಂದು.

■ ರೋಮಿನಿಂದ ಬಂದ ಹಲವು ದನಿಗಳು
2003ರ ಫೆಬ್ರವರಿಯಲ್ಲಿ, ವ್ಯಾಟಿಕನ್ನಿನ ಪತ್ರಿಕಾಗೋಷ್ಠಿಯೊಂದರಲ್ಲಿ ಪೀಟರ್ ಫ್ಲೀಟ್‌ವುಡ್ ಎಂಬ ಪಾದ್ರಿ ಹ್ಯಾರಿ ಪಾಟರನ ಪರವಾಗಿ ಮಾತನಾಡಿದರು. ಅದರ ಮರುತಿಂಗಳೇ ಕಾರ್ಡಿನಲ್ ರಾಟ್ಸಿಂಗರ್, ಈ ಕಥೆಗಳನ್ನು ಖಂಡಿಸಿ ಗ್ರಂಥ ಬರೆದ ಜರ್ಮನಿಯ ಗಾಬ್ರಿಯೆಲೆ ಕೂಬಿ ಎಂಬ ಲೇಖಕಿಗೆ ಮೆಚ್ಚಿಗೆಯ ಕಾಗದ ಬರೆದಿದ್ದರು. 2005ರಲ್ಲಿ, ಅವರು ಪೋಪ್ ಆದ ಮೇಲೆ, ಅದು ದೊಡ್ಡ ಸುದ್ದಿಯಾಯಿತು. 2009ರಲ್ಲಿ ವ್ಯಾಟಿಕನ್ನಿನ ಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ ಆರನೆಯ ಚಿತ್ರವನ್ನು ಹೊಗಳಿತು. 2019ರ ಮಾರ್ಚಿನಲ್ಲಿ ಪೋಲೆಂಡಿನ ಗ್ದಾನ್ಸ್ಕ್ ನಗರದ ಪಾದ್ರಿಗಳು ಸುಟ್ಟ ರಾಶಿಯಲ್ಲಿ ಹ್ಯಾರಿ ಪಾಟರ್ ಪುಸ್ತಕಗಳ ಜೊತೆಗೆ ಹಲೋ ಕಿಟ್ಟಿ ಚಿತ್ರದ ಒಂದು ಕೊಡೆಯೂ ಇತ್ತು. ಆಮೇಲೆ ಕ್ಷಮೆ ಕೇಳಿದರು.

ಆವಾಹನೆಯೋ, ಉಚ್ಚಾರಣೆಯೋ?

ಟೋಲ್ಕಿನ್ನನಿಗೆ ಬಾಗಿಲು ತೆರೆದು ಪಾಟರನಿಗೆ ಮುಚ್ಚಿದವರ ಮೀಮಾಂಸೆಗೆ ಬರೋಣ. ಅದನ್ನು ಅತ್ಯಂತ ಸಮರ್ಥವಾಗಿ ನಿರೂಪಿಸಿದವರು ಸ್ಟೀವನ್ ಗ್ರೇಡಾನಸ್ ಎಂಬ ಕ್ಯಾಥೊಲಿಕ್ ಚಲನಚಿತ್ರ ವಿಮರ್ಶಕರು. ಟೋಲ್ಕಿನ್ನೂ ಲೂಯಿಸನೂ ತಮ್ಮ ಕಥೆಗಳ ಮಾಯೆಯ ಸುತ್ತ ಏಳು ಬೇಲಿಗಳನ್ನು ಕಟ್ಟಿದ್ದಾರೆಂದು ಅವರು ತೋರಿಸಿದರು.

ಬೇಲಿಗಳೆಂದರೆ ಇಂಥವು. ಮಾಯೆ ನಡೆಯುವುದು ನಮ್ಮದಲ್ಲದ ಲೋಕದಲ್ಲಿ. ಅದನ್ನು ನಡೆಸುವವರು ಮನುಷ್ಯರಲ್ಲ. ಟೋಲ್ಕಿನ್ನನ ಮಾಂತ್ರಿಕ ಗ್ಯಾಂಡಾಲ್ಫ್ ಮುದುಕನಂತೆ ಕಂಡರೂ ದೇವದೂತನ ಜಾತಿಯವನು. ವಾಚಕನು ತನ್ನನ್ನು ಯಾರಲ್ಲಿ ಕಾಣುತ್ತಾನೋ ಆ ಹಾಬಿಟ್ಟರೆಂಬ ಕುಳ್ಳರಿಗೆ, ನಾರ್ನಿಯಕ್ಕೆ ಹೋದ ಆ ಮಕ್ಕಳಿಗೆ, ಮಂತ್ರವಿದ್ಯೆ ಬಾರದು, ಕಲಿಯಹೋದವರಿಗೆ ಕೇಡು. ರೌಲಿಂಗಳ ಕಥೆಯಲ್ಲಾದರೋ ಈ ಬೇಲಿಗಳು ಬಹುಮಟ್ಟಿಗೆ ಬಿದ್ದಿವೆ: ಲಂಡನ್ನಿನ ನಿಜವಾದ ರೈಲು ನಿಲ್ದಾಣದಿಂದ ಹೊರಟ ಹನ್ನೊಂದು ವರ್ಷದ ಹುಡುಗ, ಪಠ್ಯಪುಸ್ತಕ ಹಿಡಿದು, ಪರೀಕ್ಷೆ ಬರೆದು, ಮಾಟವನ್ನು ಪಾಠವಾಗಿ ಕಲಿಯುತ್ತಾನೆ. ಸಾಲದ್ದಕ್ಕೆ ಗುರುಗಳಿಗೆ ಸುಳ್ಳು ಹೇಳಿ, ನಿಯಮ ಮುರಿದು, ವರ್ಷಾಂತ್ಯದಲ್ಲಿ ಬಹುಮಾನವನ್ನೂ ಪಡೆಯುತ್ತಾನೆ. ಬಹು ತಾಯಂದಿರಿಗೆ ಮಂತ್ರಕ್ಕಿಂತ ಈ ಬಹುಮಾನವೇ ಹೆಚ್ಚು ಚುಚ್ಚಿತೆಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪ್ರತಿವಾದ ಹೊರಗಿನಿಂದ ಬರಲಿಲ್ಲ, ಅದೇ ಸಭೆಯೊಳಗಿಂದ ಬಂತು. ಅಧ್ಯಕ್ಷ ನಿಕ್ಸನ್ನನ ಸಹಾಯಕನಾಗಿದ್ದು, ವಾಟರ್‌ಗೇಟ್ ಹಗರಣದ ಕಾಲದಲ್ಲಿ ಸೆರೆಮನೆ ಕಂಡು, ಆಮೇಲೆ ಧರ್ಮಪ್ರಚಾರಕ್ಕೆ ತಿರುಗಿದ ಚಾರ್ಲ್ಸ್ ಕೋಲ್ಸನ್, ಈ ಪುಸ್ತಕದ ಮಾಯೆ ಬರಿಯ ಯಾಂತ್ರಿಕವಾದದ್ದು, ಇಲ್ಲಿ ಯಾರೂ ಭೂತಪ್ರೇತಗಳ ಸಂಪರ್ಕಕ್ಕೆ ಹೋಗುವುದಿಲ್ಲವೆಂದು 1999ರಲ್ಲಿಯೇ ವಾದಿಸಿದ. 2000ದ ಜನವರಿಯಲ್ಲಿ ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆ ಪುಸ್ತಕವನ್ನು ಮೆಚ್ಚಿ ಸಂಪಾದಕೀಯ ಬರೆಯಿತು.

ಎಲ್ಲರಿಗಿಂತ ಮಿಗಿಲಾಗಿ ಹೇಳಬೇಕಾದದ್ದು ಜಾನ್ ಗ್ರೇಂಜರ್ ವಿಚಾರ. ಈತ ಲ್ಯಾಟಿನ್ ಬಲ್ಲವ, ಆರ್ಥೊಡಾಕ್ಸ್ ಕ್ರೈಸ್ತ, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದ ತಂದೆ. ಹಿರಿಯ ಮಗಳ ಕೈಗೆ ಬಂದ ಹ್ಯಾರಿ ಪಾಟರನ್ನು ಅವಳು ಏಕೆ ಓದಕೂಡದೆಂದು ಸಕಾರಣವಾಗಿ ವಿವರಿಸಬೇಕೆಂಬ ಏಕೈಕ ಉದ್ದೇಶದಿಂದ ಪುಸ್ತಕ ತೆರೆದ. ಓದಿ ಮುಗಿಸುವಷ್ಟರಲ್ಲಿ ಪೂರ್ವಪಕ್ಷವೇ ಸಿದ್ಧಾಂತವಾಗಿ, 2002ರಲ್ಲಿ ಆ ಪುಸ್ತಕಗಳ ಕ್ರೈಸ್ತ ಅಂತರಾರ್ಥವನ್ನು ಕುರಿತು ಗ್ರಂಥವನ್ನೇ ಬರೆದುಬಿಟ್ಟ!

ಆತ ಮಾಡಿದ ಭೇದ ನಮಗೆ ಸುಲಭವಾಗಿ ಮನಸ್ಸಿಗೆ ಹತ್ತುವಂಥದು. ಶಾಸ್ತ್ರವು ನಿಷೇಧಿಸಿರುವುದು ಆವಾಹನೆಯನ್ನು, ಎಂದರೆ ಅನ್ಯಶಕ್ತಿಯೊಂದನ್ನು ಕರೆದು ಒಳಗೆ ಬರಮಾಡಿಕೊಳ್ಳುವುದನ್ನು. ಹ್ಯಾರಿ ಪಾಟರನಲ್ಲಿರುವುದು ಬರಿಯ ಉಚ್ಚಾರಣೆ. ಅಲ್ಲಿ ಮಂತ್ರವೆಂದರೆ ಮುರುಕು ಲ್ಯಾಟಿನ್ನಿನ ಒಂದೆರಡು ಪದ, ಅದಕ್ಕೆ ಓಗೊಡುವ ಭೂತ ಯಾವುದೂ ಇಲ್ಲ. ಮತ್ತೆ, ಬೂದಿಯಿಂದ ಮರಳಿ ಹುಟ್ಟುವ ಫೀನಿಕ್ಸ್ ಹಕ್ಕಿ, ನೆತ್ತರಿನಿಂದ ಪ್ರಾಣವುಳಿಸುವ ಒಂಟಿಕೊಂಬಿನ ಕುದುರೆ ಇವೆಲ್ಲ ಮಧ್ಯಯುಗದ ಯೂರೋಪಿನಲ್ಲಿ ಕ್ರಿ‌ಸ್ತನ ಸಂಕೇತಗಳೇ ಅಲ್ಲವೆ ಎಂದು ಅವನ ಪ್ರಶ್ನೆ. ಕೆಲವು ಕಡೆ ಆತ ಸಂಕೇತಗಳನ್ನು ಜಗ್ಗಿ ಎಳೆಯುತ್ತಾನೆ, ನಿಜ. ಆದರೆ ಓದಿ ಎಳೆಯುತ್ತಾನೆ.

■ ಮನೆಯ ಅಧಿಕಾರ, ಶಾಲೆಯ ಅಧಿಕಾರ
ಆರ್ಕನ್ಸಾ ಸಂಸ್ಥಾನದ ಸೀಡರ್‌ವಿಲ್ ಶಾಲಾಮಂಡಳಿಯು 2002ರಲ್ಲಿ, ತಂದೆತಾಯಿಗಳ ಲಿಖಿತ ಅನುಮತಿಯಿಲ್ಲದೆ ಯಾವ ಮಗುವಿಗೂ ಹ್ಯಾರಿ ಪಾಟರ್ ಕೊಡಕೂಡದೆಂದು, ಪುಸ್ತಕಾಲಯ ಸಮಿತಿಯ ಸರ್ವಾನುಮತದ ಶಿಫಾರಸನ್ನೂ ಮೀರಿ, 3–2 ಮತಗಳಿಂದ ನಿರ್ಣಯಿಸಿತು. ವಿದ್ಯಾರ್ಥಿನಿಯೊಬ್ಬಳ ಕುಟುಂಬ ನ್ಯಾಯಾಲಯಕ್ಕೆ ಹೋಯಿತು. 2003ರಲ್ಲಿ ಫೆಡರಲ್ ನ್ಯಾಯಾಧೀಶರು ಪುಸ್ತಕಗಳನ್ನು ಮತ್ತೆ ತೆರೆದ ಕಪಾಟಿಗೆ ಇಡಬೇಕೆಂದು ತೀರ್ಪು ಕೊಟ್ಟರು.

ನೈವೇದ್ಯದ ಮಾಂಸ

ನ್ಯಾಯಾಲಯ ಕಪಾಟಿನ ವಿಷಯ ತೀರ್ಮಾನಿಸಿತು. ಮನಸ್ಸಾಕ್ಷಿಯ ವಿಷಯ ಉಳಿಯಿತು. ಅದಕ್ಕೆ ಈ ಕುಟುಂಬಗಳು ಮೊರೆಹೊಕ್ಕದ್ದು ಪೌಲನ ಬಹು ಸೂಕ್ಷ್ಮವಾದ ಒಂದು ವಿಚಾರಕ್ಕೆ.

ಕೊರಿಂಥದ ಮೊದಲ ಕ್ರೈಸ್ತರಿಗೆ ಒಂದು ತೊಡಕು ಬಂದಿತ್ತು. ಸಂತೆಯಲ್ಲಿ ಮಾರುತ್ತಿದ್ದ ಮಾಂಸ ಅನ್ಯದೇವತೆಗಳಿಗೆ ನೈವೇದ್ಯವಾಗಿ ಬಂದದ್ದಿರಬಹುದು, ಅದನ್ನು ತಿನ್ನಬಹುದೆ? ವಿಗ್ರಹವೆಂಬುದು ಏನೂ ಅಲ್ಲ, ಆದ್ದರಿಂದ ತಿಂದರೆ ದೋಷವಿಲ್ಲ, ಆದರೆ ಅದನ್ನು ಕಂಡು ದುರ್ಬಲ ಮನಸ್ಸಾಕ್ಷಿಯ ಸಹೋದರನು ಎಡವುವಂತಿದ್ದರೆ ತಿನ್ನತಕ್ಕದ್ದಲ್ಲ ಎಂಬುದು ಪೌಲನ ನಿರ್ಣಯ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಇದೇ ವಿಚಾರವನ್ನು ಇನ್ನೂ ವಿಸ್ತಾರವಾಗಿ ಹೇಳಿ, ತಿನ್ನುವವನು ತಿನ್ನದವನನ್ನು ಹೀನೈಸಬಾರದೆಂದೂ, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದೆಂದೂ ವಿಧಿಸಿದ್ದಾನೆ.

ಈ ಸೂತ್ರವನ್ನು ಪುಸ್ತಕಕ್ಕೆ ಹಚ್ಚಿದಾಗ ‘ಸರಿಯೋ ತಪ್ಪೋ’ ಎಂಬ ಪ್ರಶ್ನೆ ‘ಯಾವ ಮಗುವಿಗೆ, ಯಾವಾಗ’ ಎಂದು ಮಾರ್ಪಡುತ್ತದೆ. ಒಂದೇ ಮನೆಯಲ್ಲಿ, ಕತ್ತಲೆಗೆ ಹೆದರಿ ದೀಪ ಆರಿಸಗೊಡದ ಕಿರಿಯವನಿಗೆ ಬೇಡವೆಂದದ್ದು, ಕಥೆಯನ್ನು ಕಥೆಯಾಗಿಯೇ ಹಿಡಿದು ತರ್ಕಿಸಬಲ್ಲ ಹಿರಿಯವಳಿಗೆ ಸಲ್ಲುತ್ತದೆ. ಪಕ್ಕದ ಮನೆಯ ಹುಡುಗ ಬಂದಾಗ ಪುಸ್ತಕವನ್ನು ಕಪಾಟಿನ ಹಿಂದಿನ ಸಾಲಿಗೆ ಸರಿಸಿಡುವುದೂ ಉಂಟು. ಅವನ ತಾಯಿಗೆ ಒಪ್ಪಿಗೆಯಿಲ್ಲವೆಂದು ಬಲ್ಲವರ ಸೌಜನ್ಯ ಅದು. ನಿಷೇಧಿಸಿದ ಮನೆಯವರು ಅಷ್ಟೇ ಸೌಜನ್ಯದಿಂದ ನಡೆದುಕೊಂಡರೆಂದು ಎಲ್ಲ ಕಡೆಯೂ ಹೇಳುವಂತಿಲ್ಲ.

ಬಹು ಮನೆಗಳಲ್ಲಿ ರೂಢಿಯಾದದ್ದು ಗಟ್ಟಿಯಾಗಿ ಓದುವ ಪದ್ಧತಿ. ರಾತ್ರಿ ಊಟವಾದ ಮೇಲೆ ತಂದೆಯೋ ತಾಯಿಯೋ ಅಧ್ಯಾಯವೊಂದನ್ನು ಓದುವುದು, ಹುಡುಗ ಸುಳ್ಳು ಹೇಳಿ ಗೆದ್ದನೆಂಬ ಸ್ಥಳ ಬಂದಾಗ ನಿಲ್ಲಿಸಿ ಮಾತನಾಡುವುದು. ಹೀಗೆ ಓದಿದವರಿಗೆ ತಾವು ಹೆದರಿದ್ದ ಸ್ಥಳ ಒಂದು, ನಿಜವಾಗಿ ತೊಡಕಾದ ಸ್ಥಳ ಇನ್ನೊಂದೆಂದು ಬೇಗನೆ ತಿಳಿಯಿತು. ಮೊದಲ ಮೂರು ಸಂಪುಟಗಳವರೆಗೆ ಎಲ್ಲವೂ ಹಗುರ. 2000ದಲ್ಲಿ ಬಂದ ನಾಲ್ಕನೆಯದರ ಕೊನೆಯಲ್ಲಿ, ಯಾವ ತಪ್ಪನ್ನೂ ಮಾಡದ ಹುಡುಗನೊಬ್ಬ ನಿಮಿಷಾರ್ಧದಲ್ಲಿ ಕೊಲೆಯಾಗಿಬಿಡುತ್ತಾನೆ. ಅವನ ಶವವನ್ನು ಅವನ ತಂದೆಯ ಮುಂದೆ ತಂದು ಹಾಕುತ್ತಾರೆ. ಮಾಟವನ್ನು ಕುರಿತು ಉತ್ತರಗಳನ್ನು ಸಿದ್ಧಮಾಡಿಕೊಂಡು ಕುಳಿತಿದ್ದ ತಂದೆತಾಯಿಗಳಿಗೆ ಮಕ್ಕಳು ಕೇಳಿದ ಪ್ರಶ್ನೆ ಮರಣದ್ದು. ಅಲ್ಲಿಂದ ಮುಂದೆ ಆ ಕಥಾಮಾಲೆಯ ವಸ್ತುವೇ ಮರಣ.

ಕಾಲ ತನ್ನ ಚೇಷ್ಟೆಯನ್ನು ಬಿಡುವುದಿಲ್ಲ. 2020ರಿಂದೀಚೆಗೆ, ಲಿಂಗಾಂತರಿಗಳ ವಿಷಯದಲ್ಲಿ ರೌಲಿಂಗ್ ಆಡಿದ ಮಾತುಗಳಿಂದ ನೊಂದ ಉದಾರವಾದಿ ಕುಟುಂಬಗಳು ಈ ಪುಸ್ತಕ ಮನೆಯಲ್ಲಿರಬೇಕೆ ಎಂದು ಯೋಚಿಸುತ್ತಿವೆ. ಹಿಂದೆ ಆಕೆಯನ್ನು ಶಪಿಸಿದ ಬಣಗಳಲ್ಲಿ ಕೆಲವು ಈಗ ಆಕೆಯ ಪಕ್ಷ ವಹಿಸುತ್ತಿವೆ.

ರೌಲಿಂಗ್ ಸ್ಕಾಟ್ಲೆಂಡ್ ಚರ್ಚಿನ ಸದಸ್ಯೆ. ತನ್ನ ಮತವಿಶ್ವಾಸವನ್ನು ಕುರಿತು ಬಿಡಿಸಿ ಮಾತನಾಡಿದರೆ ಚತುರರಾದ ವಾಚಕರು ಕಥೆಯ ಅಂತ್ಯವನ್ನು ಊಹಿಸಿಬಿಡುವರೆಂದು ಆಕೆ 2000ದಲ್ಲಿಯೇ ಒಂದು ಸಂದರ್ಶನದಲ್ಲಿ ಹೇಳಿದ್ದಳು. ಯಾರೂ ಅಷ್ಟಾಗಿ ಗಮನಿಸಲಿಲ್ಲ. 2007ರ ಜುಲೈ 21ರಂದು ಏಳನೆಯ ಸಂಪುಟ ಬಂದಿತು. ಅದರ ನಡುಭಾಗದಲ್ಲಿ, ಕ್ರಿಸ್ಮಸ್ಸಿನ ಮುನ್ನಾದಿನದ ರಾತ್ರಿ, ಚರ್ಚಿನೊಳಗೆ ಹಾಡು ನಡೆದಿರುವಾಗ, ಹ್ಯಾರಿ ತನ್ನ ತಂದೆತಾಯಿಗಳ ಸಮಾಧಿಯನ್ನು ಹಿಮ ಕವಿದ ಸ್ಮಶಾನದಲ್ಲಿ ಹುಡುಕುತ್ತಾನೆ. ಅಲ್ಲಿ ಎರಡು ಕಲ್ಲುಗಳ ಮೇಲೆ ಎರಡು ವಾಕ್ಯಗಳಿವೆ: ಒಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ 21ನೆಯ ವಚನ, ಇನ್ನೊಂದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದ 26ನೆಯ ವಚನ. ಇಡೀ ಮಾಲೆಯ ಸಾರವೇ ಬಹುಮಟ್ಟಿಗೆ ಈ ಎರಡು ವಾಕ್ಯಗಳಲ್ಲಿದೆಯೆಂದು ಆಕೆ ಅಕ್ಟೋಬರಿನಲ್ಲಿ, ಲಾಸ್ ಏಂಜಲಿಸ್ಸಿನಲ್ಲಿ, ಪತ್ರಕರ್ತರಿಗೆ ಹೇಳಿದಳು.

ಅವು ಎಲ್ಲಿಯವೆಂದು ಕಥೆ ಹೇಳುವುದಿಲ್ಲ. ಹ್ಯಾರಿಗೆ ಗೊತ್ತಿಲ್ಲ, ತಂದೆತಾಯಿಗಳ ಕಲ್ಲಿನ ಮೇಲಿನ, ಮರಣದ ನಾಶವನ್ನು ಹೇಳುವ ಮಾತು ಶತ್ರುಗಳ ತತ್ತ್ವದಂತಿದೆಯಲ್ಲ ಎಂದು ಗಾಬರಿಯಾಗುತ್ತಾನೆ, ಗೆಳತಿ ಅರ್ಥ ಬಿಡಿಸಿ ಸಮಾಧಾನ ಹೇಳಬೇಕಾಗುತ್ತದೆ. ಆ ವಚನವನ್ನು ಅಧ್ಯಾಯದ ಸಂಖ್ಯೆಸಮೇತ ತಡವರಿಸದೆ ಒಪ್ಪಿಸಬಲ್ಲ ಮಕ್ಕಳು ಅಮೆರಿಕದ ಭಾನುವಾರದ ಶಾಲೆಗಳಲ್ಲಿ ಆಗ ಬಹು ಮಂದಿ ಇದ್ದರು; ಅವರಲ್ಲಿ ಅನೇಕರಿಗೆ ಆ ಪುಸ್ತಕವನ್ನು ಮುಟ್ಟುವ ಅಪ್ಪಣೆಯಿರಲಿಲ್ಲ.